ಸಂಜೆ ಕಾಫಿ ಜೊತೆ ಏನು ತಿನ್ನೋಣ? ಬೇಕರಿ, ಕರಿದ ತಿಂಡಿ, ಮಂಡಕ್ಕಿ, ಕಾಳು, ಹಣ್ಣು, ಸಿಹಿ: ತೂಕದ ಲೆಕ್ಕದಲ್ಲಿ ಒಂದು ಹೋಲಿಕೆ

ಸಂಜೆ ನಾಲ್ಕೂವರೆ. ಮಧ್ಯಾಹ್ನದ ಊಟ ಕರಗಿರುತ್ತದೆ. ರಾತ್ರಿ ಊಟಕ್ಕೆ ಇನ್ನೂ ನಾಲ್ಕೈದು ಗಂಟೆ ಇರುತ್ತದೆ. ಕಾಫಿ ಸೋಸುವ ಹೊತ್ತಿಗೆ ಕೈ ತಾನಾಗಿ ಮೇಲಿನ ಗೂಡಿನ ಡಬ್ಬಿಗೆ ಹೋಗುತ್ತದೆ. "ಮೂರು ಹೊತ್ತೂ ಹಿತಮಿತವಾಗಿ ಊಟ ಮಾಡ್ತೀನಿ, ಆದರೂ ತೂಕ ಇಳೀತಿಲ್ಲ" ಅನ್ನುವವರ ಜೊತೆ ಸ್ವಲ್ಪ ಹೊತ್ತು ಕೂತು ಮಾತಾಡಿ ನೋಡಿ. ಮಾತು ಕೊನೆಗೆ ಈ ನಾಲ್ಕೂವರೆಯ ಹತ್ತಿರವೇ ಬಂದು ನಿಲ್ಲುತ್ತದೆ.

ಅವರ ಪ್ರಶ್ನೆಗಳೂ ಹೆಚ್ಚುಕಮ್ಮಿ ಒಂದೇ ಥರ. ಬಿಸ್ಕತ್ತು ಬಿಟ್ಟು ಕಡಲೆಕಾಯಿ ತಿನ್ನಲಾ? ಮಂಡಕ್ಕಿ ಹಗುರ ಅಲ್ವಾ? ಸಕ್ಕರೆ ಬದಲು ಬೆಲ್ಲ ಹಾಕಿದರೆ ಪರವಾಗಿಲ್ವಾ? ಬರೀ ಹಣ್ಣು ತಿಂದು ಇರಲಾ? ಇಲ್ಲ, ಏನೂ ಮುಟ್ಟದೆ ರಾತ್ರಿವರೆಗೆ ತಡೆದುಕೊಳ್ಳಲಾ?

ನಾನು ಡಾಕ್ಟರಲ್ಲ. ಮನೆಯ ಅಡುಗೆ ನೋಡಿಕೊಳ್ಳುವವಳು. ಮೂರು ವರ್ಷದ ಹಿಂದೆ ತೂಕ ಎಂಟು ಕಿಲೋ ಜಾಸ್ತಿಯಾದಾಗ ಅಡುಗೆಮನೆಗೆ ಒಂದು ಸಣ್ಣ ಡಿಜಿಟಲ್ ತಕ್ಕಡಿ ತಂದೆ. ಒಂದು ತಿಂಗಳು ಸಂಜೆ ಬಾಯಾಡಿಸಿದ್ದನ್ನೆಲ್ಲ ತೂಗಿ ಬರೆದಿಟ್ಟೆ. ಇಲ್ಲಿ ಹೇಳುವ ತೂಕಗಳು ಆ ಪುಸ್ತಕದಿಂದ ಬಂದವು. ಕ್ಯಾಲೊರಿ ಮಾತ್ರ ಅಂದಾಜು. ನಿಮ್ಮ ಮನೆಯ ಎಣ್ಣೆ, ಸಕ್ಕರೆಯ ಅಳತೆಗೆ ತಕ್ಕಂತೆ ಅದು ಸ್ವಲ್ಪ ಆಚೀಚೆ ಆಗುತ್ತದೆ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 100 ಹೆಂಗಸರಲ್ಲಿ ಸುಮಾರು 30 ಮಂದಿಯ ತೂಕ ಇರಬೇಕಾದ್ದಕ್ಕಿಂತ ಜಾಸ್ತಿ ಇತ್ತು. ಗಂಡಸರ ಲೆಕ್ಕವೂ ಹತ್ತಿರ ಹತ್ತಿರ ಅಷ್ಟೇ. ದೇಶದ ಸರಾಸರಿ ಹೆಂಗಸರಲ್ಲಿ 24, ಗಂಡಸರಲ್ಲಿ 23. ಅಂದರೆ ನಾವು ದೇಶಕ್ಕಿಂತ ಮುಂದಿದ್ದೇವೆ, ಬೇಡದ ವಿಷಯದಲ್ಲಿ. ನಮ್ಮವರಿಗೆ ಕೊಬ್ಬು ಮೊದಲು ಸೇರುವುದು ಹೊಟ್ಟೆಗೆ. ಅದಕ್ಕೇ ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಿದರೆ ಎಚ್ಚರ ಅಂತ ನಮ್ಮ ದೇಶದ ವೈದ್ಯರು ಹೇಳುತ್ತಾರೆ. ಇದಕ್ಕೆ ಟೈಲರ್ ಟೇಪು ಸಾಕು.

ಯಾವುದರಿಂದ ಅಳೆಯೋಣ?

ತಿಂಡಿಗಳನ್ನು ಹೋಲಿಸುವ ಮುಂಚೆ ಅಳತೆಗೋಲು ಗಟ್ಟಿ ಮಾಡಿಕೊಳ್ಳೋಣ. ನಾನು ಕೇಳುವ ಮೊದಲ ಪ್ರಶ್ನೆ: ಇದು ಹೊಟ್ಟೆಗೆ ಆಧಾರವಾಗುತ್ತದಾ? ಐದಕ್ಕೆ ತಿಂದದ್ದು ಎಂಟರವರೆಗೆ ಹಸಿವು ತಡೆದರೆ ರಾತ್ರಿ ತಟ್ಟೆಗೆ ಬೀಳುವ ಅನ್ನ ತಾನಾಗಿ ಕಡಿಮೆಯಾಗುತ್ತದೆ. ಪ್ರೋಟೀನು, ನಾರು ಇರುವ ತಿಂಡಿ ಈ ಕೆಲಸ ಮಾಡುತ್ತದೆ. ಬರೀ ಮೈದಾ, ಸಕ್ಕರೆ ಮಾಡುವುದಿಲ್ಲ.

ಎರಡನೆಯ ಪ್ರಶ್ನೆ ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು. ಕೈ ನಿಲ್ಲುತ್ತದಾ? ಕೆಲವು ತಿಂಡಿ ತಾನೇ "ಸಾಕು" ಅನ್ನುತ್ತದೆ. ಕೆಲವಕ್ಕೆ ಡಬ್ಬಿಯ ತಳ ಕಾಣುವುದೇ ಕೊನೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯವರು 2019ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದನ್ನು ಚೆನ್ನಾಗಿ ತೋರಿಸುತ್ತದೆ. 20 ಜನರನ್ನು ತಮ್ಮಲ್ಲೇ ಇರಿಸಿಕೊಂಡು ಎರಡು ವಾರ ಕಾರ್ಖಾನೆಯ ತಯಾರಿ ಆಹಾರ, ಇನ್ನೆರಡು ವಾರ ತಾಜಾ ಪದಾರ್ಥಗಳ ಅಡುಗೆ ಬಡಿಸಿದರು. ಮುಂದಿಟ್ಟ ಎರಡೂ ಬಗೆಯ ಊಟದಲ್ಲಿ ಕ್ಯಾಲೊರಿ, ಸಕ್ಕರೆ, ಕೊಬ್ಬು, ನಾರು ಸರಿಸಮ. ಎಷ್ಟು ಬೇಕಾದರೂ ತಿನ್ನಬಹುದಿತ್ತು. ತಯಾರಿ ಆಹಾರದ ವಾರಗಳಲ್ಲಿ ಅವರು ದಿನಕ್ಕೆ ಸುಮಾರು 500 ಕ್ಯಾಲೊರಿ ಜಾಸ್ತಿ ತಿಂದರು, ತೂಕ ಒಂದು ಕಿಲೋ ಹತ್ತಿರ ಏರಿತು. ತಾಜಾ ಅಡುಗೆಯ ವಾರಗಳಲ್ಲಿ ಅಷ್ಟೇ ಇಳಿಯಿತು. ತಯಾರಿ ಆಹಾರವನ್ನು ಅವರು ಬೇಗ ಬೇಗ ತಿಂದಿದ್ದರು ಕೂಡ. ಅಗಿಯುವ ಕೆಲಸ ಕಡಿಮೆಯಾದಷ್ಟೂ ಹೊಟ್ಟೆ ತುಂಬಿದ ಸುದ್ದಿ ತಲೆಗೆ ಮುಟ್ಟುವುದು ತಡ.

ಮೂರನೆಯದು ಕ್ಯಾಲೊರಿ. 100 ಗ್ರಾಮಿನ ಲೆಕ್ಕ ಬೇಡ, ನಾವು ಕೂತಲ್ಲಿ ನಿಜವಾಗಿ ತಿನ್ನುವಷ್ಟರ ಲೆಕ್ಕ ಬೇಕು. ನೆನಪಿಡಬೇಕಾದ ಅಂಕಿ ಎರಡೇ. ಎಣ್ಣೆ, ತುಪ್ಪ, ಬೆಣ್ಣೆ ಯಾವುದೇ ಆಗಲಿ, ಕೊಬ್ಬಿನ ಒಂದು ಗ್ರಾಮಿಗೆ 9 ಕ್ಯಾಲೊರಿ. ಹಿಟ್ಟು, ಸಕ್ಕರೆ, ಪ್ರೋಟೀನಿಗೆ 4. ಕೊನೆಯದು ಕಾಸು ಮತ್ತು ಪುರುಸೊತ್ತು. ಇವೆರಡಕ್ಕೂ ಒಗ್ಗದ ತಿಂಡಿ ಎಷ್ಟೇ ಒಳ್ಳೆಯದಾದರೂ ವಾರ ದಾಟುವುದಿಲ್ಲ.

ಬೇಕರಿ ಸಾಮಾನು

ಬೆಂಗಳೂರಿನಲ್ಲಿ ಯಾವ ಬೀದಿಗೆ ಹೋದರೂ ಒಂದು ಅಯ್ಯಂಗಾರ್ ಬೇಕರಿ ಸಿಗುತ್ತದೆ. ಪುರುಸೊತ್ತಿನ ಲೆಕ್ಕದಲ್ಲಿ ಇದನ್ನು ಮೀರಿಸುವುದು ಯಾವುದೂ ಇಲ್ಲ. ನಮ್ಮ ಏರಿಯಾದಲ್ಲಿ 25 ರೂಪಾಯಿಗೆ ಬಿಸಿ ಪಫ್ಸ್ ಬರುತ್ತದೆ. ಆದರೆ ಅದರ ಪದರ ಪದರದಲ್ಲೂ ಕೊಬ್ಬು ಇದೆ, ಆ ಪದರ ಏಳುವುದೇ ಅದರಿಂದ. ಒಂದು ಪಫ್ಸ್‌ಗೆ ಸುಮಾರು 300 ಕ್ಯಾಲೊರಿ, ಒಳಗಿನ ಪಲ್ಯ ಎರಡು ಚಮಚ. ಖಾರ ಬನ್ನು 200ರ ಆಸುಪಾಸು. ಬೇಕರಿಯಲ್ಲೇ ಆರಿಸಬೇಕು ಅಂತಾದರೆ ಪಫ್ಸ್, ದಿಲ್‌ಪಸಂದ್‌ಗಿಂತ ಖಾರ ಬನ್ನೇ ಮೇಲು. ಒಂದಕ್ಕೆ ಮುಗಿಯುತ್ತದೆ, ಇನ್ನೊಂದು ಬೇಕು ಅನ್ನಿಸುವುದು ಕಡಿಮೆ.

ಬಿಸ್ಕತ್ತಿನದು ಬೇರೆಯೇ ಕಥೆ. ಮಾರಿ ಬಿಸ್ಕತ್ತು ಒಂದಕ್ಕೆ 25 ಕ್ಯಾಲೊರಿ ಅಷ್ಟೇ, ನಿಜ. ಆದರೆ ಅದನ್ನು ಕಾಫಿಯಲ್ಲಿ ಅದ್ದಿದರೆ ಅಗಿಯುವ ಕೆಲಸವೇ ಇರುವುದಿಲ್ಲ. ನಾನು ಎಣಿಸಿದ ತಿಂಗಳಲ್ಲಿ ನಮ್ಮ ಮನೆಯಲ್ಲಿ ಒಬ್ಬೊಬ್ಬರು ಒಂದು ಸಲಕ್ಕೆ ಆರು ಬಿಸ್ಕತ್ತು ತಿಂದಿದ್ದೇವೆ. 150 ಕ್ಯಾಲೊರಿ ಒಳಗೆ ಹೋಯಿತು, ಒಂದು ಗಂಟೆಗೆ ಮತ್ತೆ ಹಸಿವು. ಡಯಾಬಿಟಿಸ್ ಇರುವವರಿಗೆ ರಸ್ಕು ಒಳ್ಳೆಯದು ಅಂತ ಅನೇಕ ಮನೆಗಳಲ್ಲಿ ನಂಬಿಕೆ ಇದೆ. ರಸ್ಕು ಅಂದರೆ ಒಣಗಿಸಿದ ಬ್ರೆಡ್ಡು, ಜೊತೆಗೆ ಸಕ್ಕರೆ. ನೀರು ಹೋಗಿರುವುದರಿಂದ ಅದೇ ತೂಕದ ಬ್ರೆಡ್ಡಿಗಿಂತ ಕ್ಯಾಲೊರಿ ಜಾಸ್ತಿಯೇ ಇರುತ್ತದೆ.

ಪ್ಯಾಕೆಟ್ ತಿರುಗಿಸಿ ಹಿಂದೆ ಓದಿ. ಯಾವುದು ಹೆಚ್ಚು ತೂಕ ಹಾಕಿದ್ದಾರೋ ಅದರ ಹೆಸರು ಮೊದಲು ಬರಬೇಕು ಅನ್ನುವುದು ನಿಯಮ. ಮುಂದೆ ರಾಗಿ, ಓಟ್ಸ್ ಅಂತ ದೊಡ್ಡದಾಗಿ ಬರೆದು, ಹಿಂದೆ ಮೈದಾ, ಸಕ್ಕರೆ, ಪಾಮ್ ಎಣ್ಣೆ ಮೊದಲ ಮೂರು ಸ್ಥಾನದಲ್ಲಿದ್ದರೆ ನೀವು ಕೊಳ್ಳುತ್ತಿರುವುದು ಮೈದಾ ಬಿಸ್ಕತ್ತನ್ನೇ. ಒಂದು ಒಳ್ಳೆಯ ಸುದ್ದಿಯೂ ಇದೆ. ಡಾಲ್ಡಾದಂಥ ಕೊಬ್ಬಿನಲ್ಲಿ ಇರುತ್ತಿದ್ದ, ಹೃದಯಕ್ಕೆ ಕೆಟ್ಟದ್ದಾದ ಟ್ರಾನ್ಸ್ ಕೊಬ್ಬಿಗೆ 2022ರ ಜನವರಿಯಿಂದ ನಮ್ಮ ದೇಶದಲ್ಲಿ ಶೇ. 2ರ ಮಿತಿ ಬಂದಿದೆ. ಇದರಿಂದ ಹೃದಯಕ್ಕೆ ಒಳಿತು. ತೂಕದ ಲೆಕ್ಕ ಮಾತ್ರ ಬದಲಾಗಿಲ್ಲ, ಯಾವ ಕೊಬ್ಬಾದರೂ ಗ್ರಾಮಿಗೆ 9 ಕ್ಯಾಲೊರಿಯೇ.

ಡಬ್ಬಿಯ ಕುರುಕಲು, ಬಾಣಲೆಯ ಬಜ್ಜಿ

ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು, ಖಾರಾಸೇವೆ, ಮಿಕ್ಸ್ಚರ್. ನನ್ನ ಎಂಟು ಕಿಲೋದಲ್ಲಿ ದೊಡ್ಡ ಪಾಲು ಇವುಗಳದ್ದೇ ಅಂತ ನನಗೆ ಗ್ಯಾರಂಟಿ. ನಮ್ಮ ಬೀದಿಯ ಅಂಗಡಿಯ ನಿಪ್ಪಟ್ಟು ಒಂದು 22 ಗ್ರಾಂ ತೂಗಿತು. ಒಂದನ್ನು ಬಿಳಿ ಕಾಗದದ ಮೇಲೆ ರಾತ್ರಿಯಿಡೀ ಇಟ್ಟಿದ್ದೆ. ಬೆಳಿಗ್ಗೆ ಕಾಗದದಲ್ಲಿ ಅದರ ಆಕಾರಕ್ಕಿಂತ ದೊಡ್ಡ ಎಣ್ಣೆ ವೃತ್ತ, ಆಚೆ ಬದಿಯ ಟೈಲ್ಸ್ ಅದರೊಳಗಿಂದ ಕಾಣುತ್ತಿತ್ತು. ಗರಿಗರಿಯಾಗುವವರೆಗೆ ಕರಿಯುವುದು ಅಂದರೆ ಹಿಟ್ಟಿನಲ್ಲಿದ್ದ ನೀರನ್ನು ಓಡಿಸಿ ಆ ಜಾಗಕ್ಕೆ ಎಣ್ಣೆ ತುಂಬುವುದು. ಇಂಥ ತಿಂಡಿಗೆಲ್ಲ 100 ಗ್ರಾಮಿಗೆ ಸುಮಾರು 500 ಕ್ಯಾಲೊರಿ ಹಿಡಿಯಬಹುದು. ನಾಲ್ಕು ನಿಪ್ಪಟ್ಟಿಗೆ 440. ಎಣ್ಣೆ ಹಾಕದ ನಾಲ್ಕು ಚಪಾತಿ ತಿಂದ ಹಾಗಾಯಿತು. ನಾಲ್ಕು ಚಪಾತಿ ತಿಂದವರು ರಾತ್ರಿ ಊಟ ಬೇಡ ಅನ್ನುತ್ತಾರೆ. ನಾಲ್ಕು ನಿಪ್ಪಟ್ಟು ತಿಂದವರು ಪೂರ್ತಿ ಊಟಕ್ಕೆ ಕೂರುತ್ತಾರೆ.

ಕೈ ನಿಲ್ಲುತ್ತದಾ ಅನ್ನುವ ಪ್ರಶ್ನೆಯಲ್ಲೂ ಇವು ಸೋಲುತ್ತವೆ. ಉಪ್ಪು, ಖಾರ, ಕರುಂ ಕುರುಂ ಸದ್ದು, ಮುಂದೆ ಟಿ.ವಿ. ಧಾರಾವಾಹಿ. ಎಷ್ಟು ತಿಂದೆವು ಅಂತ ಕೇಳಿದರೆ ಹೇಳಲಿಕ್ಕೇ ಬರುವುದಿಲ್ಲ.

ಬಿಸಿ ಬಜ್ಜಿ, ಬೋಂಡದ ಬಗ್ಗೆ ನನಗೆ ಇಷ್ಟು ಕೋಪ ಇಲ್ಲ. ಅದೂ ಎಣ್ಣೆಯದ್ದೇ, ಸಂಶಯವಿಲ್ಲ. ಆದರೆ ಅದಕ್ಕೆ ಬಾಣಲೆ ಇಡಬೇಕು, ಹಿಟ್ಟು ಕಲಸಬೇಕು, ಮನೆಯವರು ಸೇರಬೇಕು. ಕಲಸಿದ ಹಿಟ್ಟು ಮುಗಿದರೆ ಬಜ್ಜಿಯೂ ಮುಗಿಯಿತು. ಮಳೆಗಾಲದಲ್ಲಿ ತಿಂಗಳಿಗೆರಡು ಸಲ ನಾಲ್ಕು ಬಜ್ಜಿ ತಿಂದು ಯಾರ ಸೊಂಟವೂ ಹೆಚ್ಚುವುದಿಲ್ಲ. ದಿನಾ ಸಂಜೆ ಡಬ್ಬಿಯಿಂದ ಎರಡು ಮುಷ್ಟಿ ಮಿಕ್ಸ್ಚರ್ ತೆಗೆದರೆ ಹೆಚ್ಚುತ್ತದೆ. ಹಾಗಾಗಿ ಕರಿದದ್ದು ಬೇಕೇ ಬೇಕು ಅನ್ನುವವರಿಗೆ ನನ್ನ ಸಲಹೆ: ಬಿಸಿಯಾಗಿ, ಯಾವಾಗಲೋ ಒಮ್ಮೆ, ಜನರ ಜೊತೆ ತಿನ್ನಿ. ಡಬ್ಬಿ ತುಂಬಿಡಬೇಡಿ. ಹಬ್ಬಕ್ಕೆ ಮಾಡಿದ ಚಕ್ಕುಲಿ ಉಳಿದರೆ ಎರಡೇ ಎರಡು ತಟ್ಟೆಗೆ ಹಾಕಿಕೊಂಡು, ಮುಚ್ಚಳ ಹಾಕಿ, ಡಬ್ಬಿಯನ್ನು ಒಳಗಿಟ್ಟು ಬಂದು ಕೂರಿ. ಡಬ್ಬಿ ತೊಡೆಯ ಮೇಲೆ ಇರಬಾರದು.

ಚಿಪ್ಸ್ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಇದೇ ಲೆಕ್ಕ, ಹೊಟ್ಟೆಗೆ ಇನ್ನೂ ಕಡಿಮೆ ಆಧಾರ.

ಮಂಡಕ್ಕಿ

ದಾವಣಗೆರೆಯವರಿಗೆ ಮಂಡಕ್ಕಿ–ಮೆಣಸಿನಕಾಯಿ, ಹುಬ್ಬಳ್ಳಿ–ಧಾರವಾಡದವರಿಗೆ ಗಿರಮಿಟ್ಟು, ಮೈಸೂರಿನವರಿಗೆ ಚುರುಮುರಿ. ಹಗುರ ಅನ್ನುವುದು ಸುಳ್ಳಲ್ಲ. ಒಂದು ದೊಡ್ಡ ಬಟ್ಟಲು ಮಂಡಕ್ಕಿ 30 ಗ್ರಾಂ ಕೂಡ ದಾಟುವುದಿಲ್ಲ, ಸುಮಾರು 110 ಕ್ಯಾಲೊರಿ. ಬಟ್ಟಲು ತುಂಬಿ ಕಾಣುತ್ತದೆ, ಕಣ್ಣಿನ ಹಸಿವು ತೀರುತ್ತದೆ. ಬಾಯಾಡಿಸಲೇಬೇಕು ಅನ್ನುವವರಿಗೆ ಇದು ದೊಡ್ಡ ಉಪಕಾರ.

ತೊಂದರೆ ಎರಡು ಕಡೆ. ಮಂಡಕ್ಕಿ ಅಂದರೆ ಉಬ್ಬಿಸಿದ ಅಕ್ಕಿ, ಪ್ರೋಟೀನು ತುಂಬಾ ಕಡಿಮೆ. ಬರೀ ಮಂಡಕ್ಕಿ ತಿಂದರೆ ಏಳು ಗಂಟೆಗೇ ಹೊಟ್ಟೆ ಚುರ್ ಅನ್ನುತ್ತದೆ. ಇನ್ನೊಂದು, ಜೊತೆಗಾರರು. ಎರಡು ಚಮಚ ಎಣ್ಣೆ ಸೇರಿದರೆ 80 ಕ್ಯಾಲೊರಿ ಹೆಚ್ಚು, ಪಕ್ಕದಲ್ಲಿ ಎರಡು ಮೆಣಸಿನಕಾಯಿ ಬಜ್ಜಿ ಬಂದರೆ ಮಂಡಕ್ಕಿ ಹಗುರವಾಗಿದ್ದು ಸುಮ್ನೆ. ನಾನು ಮಾಡುವುದು ಹೀಗೆ. ಮಂಡಕ್ಕಿಗೆ ಈರುಳ್ಳಿ, ಟೊಮೆಟೊ, ಕ್ಯಾರೆಟ್ ತುರಿ, ಕೊತ್ತಂಬರಿ ಧಾರಾಳ. ಒಂದು ಸಣ್ಣ ಮುಷ್ಟಿ ಕಡಲೆಬೀಜ, ಒಂದು ಮುಷ್ಟಿ ಹುರಿಗಡಲೆ. ಎಣ್ಣೆ ಅರ್ಧ ಚಮಚ, ಪರಿಮಳಕ್ಕೆ. ನಿಂಬೆಹಣ್ಣು. ಬಟ್ಟಲಿಗೆ 250 ಕ್ಯಾಲೊರಿ ಒಳಗೇ ಆಗುತ್ತದೆ, ರಾತ್ರಿವರೆಗೆ ನಿಲ್ಲುತ್ತದೆ. ಕಾಸೂ ಕಡಿಮೆ, ಸಮಯ ಹತ್ತು ನಿಮಿಷ.

ಕಾಳು ಮತ್ತು ಕಡಲೆಕಾಯಿ

ನನ್ನ ಅಳತೆಗೋಲಿನಲ್ಲಿ ಗೆಲ್ಲುವುದು ಇದು. ಅದಕ್ಕೇ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಉಸಲಿ ತಗೊಳ್ಳಿ. ಬೆಳಿಗ್ಗೆ ಏಳಕ್ಕೆ, ಹಾಲು ಕಾಯಿಸುವ ಹೊತ್ತಿಗೆ, ಒಬ್ಬರಿಗೆ 30 ಗ್ರಾಂ ಲೆಕ್ಕದಲ್ಲಿ ಅಲಸಂದೆಯನ್ನೋ ಹೆಸರುಕಾಳನ್ನೋ ನೀರಿಗೆ ಹಾಕಿ ಬಿಡುತ್ತೇನೆ. ಸಂಜೆಗೆ ಅದು ಉಬ್ಬಿ ಎರಡರಷ್ಟಾಗಿರುತ್ತದೆ. ಉಪ್ಪು ಹಾಕಿ ಕುಕ್ಕರಿನಲ್ಲಿ ಬೇಯಿಸಿದರೆ ಆಯಿತು. ಕಾಳು ಕಲಸಿಹೋಗಬಾರದು, ಬೆರಳಲ್ಲಿ ಒತ್ತಿದರೆ ಮೆತ್ತಗಾಗಬೇಕು ಅಷ್ಟೇ. ಒಂದು ಚಮಚ ಎಣ್ಣೆಗೆ ಸಾಸಿವೆ, ಇಂಗು, ಒಣಮೆಣಸಿನಕಾಯಿ, ಕರಿಬೇವು. ಮೇಲೆ ತೆಂಗಿನತುರಿ, ನಿಂಬೆರಸ. ಒಂದು ಬಟ್ಟಲಿಗೆ 180 ಕ್ಯಾಲೊರಿ ಹತ್ತಿರ, 7 ಗ್ರಾಂ ಪ್ರೋಟೀನು, ಕೈತುಂಬ ನಾರು. ಚಮಚದಲ್ಲಿ ಅಗಿದು ತಿನ್ನಬೇಕು. ಎರಡನೆಯ ಬಟ್ಟಲು ಕೇಳಿದವರನ್ನು ನಾನು ನೋಡಿಲ್ಲ. ನವರಾತ್ರಿಯಲ್ಲಿ ಒಂಬತ್ತು ದಿನ ದಿನಕ್ಕೊಂದು ಕಾಳಿನ ಉಸಲಿ ಮಾಡುವ ಮನೆಗಳಿವೆ. ಅದನ್ನು ವರ್ಷಪೂರ್ತಿ ಮುಂದುವರಿಸಿದರೆ ಸಾಕು. ನೆನೆಹಾಕುವುದು ಮರೆತರೆ ಹೆಸರುಬೇಳೆ ಕೋಸಂಬರಿ. ಅರ್ಧ ಗಂಟೆ ನೆಂದರೆ ಆಯಿತು, ಬೇಯಿಸುವ ತಾಪತ್ರಯವೂ ಇಲ್ಲ.

ಇಲ್ಲೊಂದು ಸೂಕ್ಷ್ಮ ಇದೆ. ಕಾಫಿ, ಟೀ ಕಾಳಿನಲ್ಲಿರುವ ಕಬ್ಬಿಣಾಂಶ ಮೈಗೆ ಸೇರದ ಹಾಗೆ ತಡೆಯುತ್ತವೆ. ಊಟಕ್ಕೆ ಒಂದು ಗಂಟೆ ಮುಂಚೆ, ಒಂದು ಗಂಟೆ ನಂತರ ಕಾಫಿ–ಟೀ ಬೇಡ ಅಂತ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ಹೇಳಿದೆ. ರಕ್ತ ಕಡಿಮೆ ಇರುವ ಹೆಂಗಸರು ಕಾಫಿಯನ್ನು ನಾಲ್ಕಕ್ಕೇ ಕುಡಿದು, ಉಸಲಿಯನ್ನು ಐದೂವರೆಗೆ ತಿನ್ನಿ. ನಿಂಬೆರಸ ಬಿಡಬೇಡಿ, ಅದು ಕಬ್ಬಿಣಾಂಶ ಸೇರಲು ಸಹಾಯ ಮಾಡುತ್ತದೆ.

ಕಡಲೆಕಾಯಿ ಬಗ್ಗೆ ಜನರಲ್ಲಿ ಎರಡು ಅತಿಗಳಿವೆ. ಒಬ್ಬರು ಅದರಲ್ಲಿ ಎಣ್ಣೆ ಇದೆ ಅಂತ ಮುಟ್ಟುವುದಿಲ್ಲ. ಇನ್ನೊಬ್ಬರು ಒಳ್ಳೆಯದು ಅಂತ ಡಬ್ಬಿ ಖಾಲಿ ಮಾಡುತ್ತಾರೆ. 100 ಗ್ರಾಮಿಗೆ 550 ಕ್ಯಾಲೊರಿ ಹತ್ತಿರ ಇದೆ, ಅಂದರೆ ನಿಪ್ಪಟ್ಟಿಗಿಂತ ಜಾಸ್ತಿ. ಆದರೆ 25 ಗ್ರಾಂ ಪ್ರೋಟೀನೂ ಇದೆ, ಹಾಗಾಗಿ 30 ಗ್ರಾಮಿಗೆ ಹೊಟ್ಟೆ ಸುಮ್ಮನಾಗುತ್ತದೆ. ಸಿಪ್ಪೆ ಸಮೇತ ಬೇಯಿಸಿದ್ದು ಎಲ್ಲಕ್ಕಿಂತ ಒಳ್ಳೆಯದು. ನೀರು ಕುಡಿದಿರುವುದರಿಂದ ಅದೇ ತೂಕಕ್ಕೆ ಕ್ಯಾಲೊರಿ ಕಡಿಮೆ. ಒಂದೊಂದೇ ಸುಲಿಯಬೇಕು, ಸಿಪ್ಪೆಯ ರಾಶಿ ಕಣ್ಣೆದುರು ಬೆಳೆಯುತ್ತದೆ, ಎಷ್ಟು ತಿಂದೆವು ಅಂತ ಗೊತ್ತಾಗುತ್ತದೆ. ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಹೋದವರಿಗೆ ಗೊತ್ತು, ಒಂದು ಪೊಟ್ಟಣ ಮುಗಿಸುವಷ್ಟರಲ್ಲಿ ಬೀದಿಯ ಆ ತುದಿ ಮುಟ್ಟಿರುತ್ತೇವೆ. ಸಿಪ್ಪೆ ಬಿಡಿಸಿ ಎಣ್ಣೆ ಮಸಾಲೆ ಸವರಿದ ಕಾಂಗ್ರೆಸ್ ಕಡಲೆಕಾಯಿಯಲ್ಲಿ ಈ ತಡೆ ಇಲ್ಲ. ಅದನ್ನು ಅಳೆದೇ ತಿನ್ನಬೇಕು.

ಬಾದಾಮಿ ತಿನ್ನಲು ದುಡ್ಡಿಲ್ಲ ಅಂತ ಕೊರಗುವವರಿಗೆ ಒಂದು ಮಾತು. ನಮ್ಮ ಅಂಗಡಿಯಲ್ಲಿ ಬಾದಾಮಿ ಕಿಲೋಗೆ 900 ರೂಪಾಯಿ, ಕಡಲೆಬೀಜ 160. ಪ್ರೋಟೀನಿನಲ್ಲಿ ಕಡಲೆಬೀಜವೇ ಒಂದು ಕೈ ಮೇಲು. ಕ್ಯಾಲೊರಿ ಹೆಚ್ಚುಕಮ್ಮಿ ಸಮ. ಬಾದಾಮಿಯನ್ನು ಇಷ್ಟಕ್ಕೆ ತಿನ್ನಿ, ತೂಕ ಇಳಿಯುತ್ತದೆ ಅಂತ ತಿನ್ನಬೇಡಿ.

ಹಣ್ಣು

ಹಣ್ಣು ಒಳ್ಳೆಯದು, ಅದರಲ್ಲಿ ಎರಡು ಮಾತಿಲ್ಲ. ಸೀಬೆಹಣ್ಣು ಒಂದಕ್ಕೆ 100 ಕ್ಯಾಲೊರಿ ಕೂಡ ಇಲ್ಲ, ಅಗಿಯುವಷ್ಟು ನಾರು. ಎರಡು ಏಲಕ್ಕಿ ಬಾಳೆಹಣ್ಣಿಗೂ 100ರ ಹತ್ತಿರ. ಬಾಳೆಹಣ್ಣು ತಿಂದರೆ ದಪ್ಪ ಆಗುತ್ತಾರೆ ಅನ್ನುವ ಮಾತು ಬಿಸ್ಕತ್ತು ತಿನ್ನುವ ಮನೆಗಳಲ್ಲೇ ಕೇಳಿಬರುವುದು ನನಗೆ ಬೇಸರದ ಸಂಗತಿ. ಆದರೆ ಬರೀ ಹಣ್ಣು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಒಂಬತ್ತಕ್ಕೆ ಊಟ ಮಾಡುವವರು ಹಣ್ಣಿನ ಜೊತೆ ಒಂದು ಮುಷ್ಟಿ ಹುರಿಗಡಲೆ ಇಟ್ಟುಕೊಳ್ಳಿ.

ಜ್ಯೂಸು ಬೇರೆ ಲೆಕ್ಕ. ಮೂರು ಮೂಸಂಬಿ ಅಗಿದು ತಿನ್ನಲು ಹತ್ತು ನಿಮಿಷ ಬೇಕು, ಕುಡಿಯಲು ಅರ್ಧ ನಿಮಿಷ. ನಾರು ಸೋಸಿ ಎಸೆದಿರುತ್ತೇವೆ, ಅಂಗಡಿಯವರು ಸಕ್ಕರೆ ಸೇರಿಸಿರುತ್ತಾರೆ.

ಸಿಹಿ

ಸಿಹಿಯ ವಿಷಯಕ್ಕೆ ಬಂದರೆ ಎಲ್ಲರೂ ಮೊದಲು ಬೈಯುವುದು ಮೈಸೂರು ಪಾಕನ್ನು. ನಮ್ಮ ಮನೆಯ ಅಳತೆ 100 ಗ್ರಾಂ ಕಡಲೆಹಿಟ್ಟು, 200 ಸಕ್ಕರೆ, 200 ತುಪ್ಪ. ಕೂಡಿದರೆ 3000 ಕ್ಯಾಲೊರಿ ಹತ್ತಿರ ಬರುತ್ತದೆ. 40 ಗ್ರಾಮಿನ ಒಂದು ತುಂಡಿಗೆ 240. ಜಾಸ್ತಿಯೇ, ಒಪ್ಪುತ್ತೇನೆ.

ಈಗ ಕಾಫಿ ಲೋಟ ನೋಡಿ. ದಿನಕ್ಕೆ ನಾಲ್ಕು ಲೋಟ, ಲೋಟಕ್ಕೆ ಎರಡು ಚಮಚ ಸಕ್ಕರೆ, ಚಮಚಕ್ಕೆ 5 ಗ್ರಾಂ. ದಿನಕ್ಕೆ 40 ಗ್ರಾಂ, 160 ಕ್ಯಾಲೊರಿ. ವಾರಕ್ಕೆ 280 ಗ್ರಾಂ, 1120 ಕ್ಯಾಲೊರಿ. ಹೆಚ್ಚುಕಮ್ಮಿ ನಾಲ್ಕೂವರೆ ಮೈಸೂರು ಪಾಕು. ಇದನ್ನು ಯಾರೂ ಸಿಹಿ ತಿಂದ ಲೆಕ್ಕಕ್ಕೆ ಸೇರಿಸುವುದಿಲ್ಲ. ದಿನದ ಶಕ್ತಿಯಲ್ಲಿ ಇಂಥ ಸೇರಿಸಿದ ಸಕ್ಕರೆಯ ಪಾಲು ಶೇ. 10ಕ್ಕಿಂತ ಕಡಿಮೆ ಇರಲಿ, ಶೇ. 5ಕ್ಕೆ ಇಳಿದರೆ ಇನ್ನೂ ಒಳ್ಳೆಯದು ಅಂತ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. 2000 ಕ್ಯಾಲೊರಿ ತಿನ್ನುವವರಿಗೆ ಶೇ. 5 ಅಂದರೆ 25 ಗ್ರಾಂ. ನಾಲ್ಕು ಲೋಟ ಕಾಫಿಯಲ್ಲೇ ಅದು ದಾಟಿಹೋಗಿದೆ. ಹಾಗಾಗಿ ಸಿಹಿ ಕಡಿಮೆ ಮಾಡಬೇಕು ಅನ್ನುವವರಿಗೆ ನಾನು ಹೇಳುವುದು, ಹಬ್ಬದ ಹೋಳಿಗೆ ಬಿಡಬೇಡಿ, ಲೋಟದ ಸಕ್ಕರೆಗೆ ಕೈ ಹಾಕಿ. ಎರಡು ಚಮಚದಿಂದ ಒಂದೂವರೆ, ಎರಡು ವಾರ ಬಿಟ್ಟು ಒಂದು, ಆಮೇಲೆ ಅರ್ಧ. ನಾಲಿಗೆ ಹೊಂದಿಕೊಳ್ಳುತ್ತದೆ. ನನಗೆ ಎರಡು ತಿಂಗಳು ಹಿಡಿಯಿತು. ಈಗ ಮದುವೆಮನೆಯ ಕಾಫಿ ಪಾಯಸದ ಹಾಗೆ ಅನ್ನಿಸುತ್ತದೆ.

ಬೆಲ್ಲ? 100 ಗ್ರಾಂ ಸಕ್ಕರೆಗೆ 400 ಕ್ಯಾಲೊರಿ, ಬೆಲ್ಲಕ್ಕೆ 380ರ ಹತ್ತಿರ. ರುಚಿಗೆ, ಪರಿಮಳಕ್ಕೆ ಬೆಲ್ಲ ಬಳಸಿ, ನನಗೂ ಅದೇ ಇಷ್ಟ. ತೂಕದ ಲೆಕ್ಕದಲ್ಲಿ ಇಬ್ಬರೂ ಅಣ್ಣತಮ್ಮಂದಿರು. ಜೇನುತುಪ್ಪವೂ ಅದೇ ಮನೆಯದು. ಖರ್ಜೂರ–ಡ್ರೈಫ್ರೂಟ್ಸ್ ಲಾಡು, ಗೋಕಾಕದ ಕರದಂಟು ಇವುಗಳಲ್ಲಿ ಸತ್ವ ಇದೆ, ಜೊತೆಗೆ ಕ್ಯಾಲೊರಿಯೂ ಗಟ್ಟಿಯಾಗಿಯೇ ಇದೆ. ಒಂದು ತುಂಡು ಒಳ್ಳೆಯ ತಿಂಡಿ, ಮೂರು ತುಂಡು ಒಂದು ಊಟ. ಇನ್ನು ಸಕ್ಕರೆ ಬದಲಿಗೆ ಬರುವ ಗುಳಿಗೆ, ಹನಿಗಳನ್ನು ತೂಕ ಇಳಿಸಲು ನೆಚ್ಚಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸಲಹೆ ಕೊಟ್ಟಿದೆ. ಈಗಾಗಲೇ ಡಯಾಬಿಟಿಸ್ ಇರುವವರಿಗೆ ಆ ಸಲಹೆ ಅನ್ವಯಿಸುವುದಿಲ್ಲ, ಅವರು ತಮ್ಮ ವೈದ್ಯರನ್ನು ಕೇಳಬೇಕು.

ಸಿಹಿ ಯಾವಾಗ ತಿನ್ನುತ್ತೇವೆ ಅನ್ನುವುದೂ ಮುಖ್ಯ. ಸಂಜೆ ಹಸಿದ ಹೊಟ್ಟೆಗೆ ಸಿಹಿ ಬಿದ್ದರೆ ಒಂದರ ಹಿಂದೆ ಇನ್ನೊಂದು ಹೋಗುತ್ತದೆ. ಊಟದ ಜೊತೆ, ಪಲ್ಯ ಕೋಸಂಬರಿ ತಿಂದ ಮೇಲೆ ಒಂದು ಹೋಳಿಗೆ ತಿಂದರೆ ಅಲ್ಲಿಗೆ ತೃಪ್ತಿಯಾಗುತ್ತದೆ, ರಕ್ತದ ಸಕ್ಕರೆಯೂ ಅಷ್ಟು ಸರ್ರನೆ ಏರುವುದಿಲ್ಲ. ನಮ್ಮ ಹಿರಿಯರು ಸಿಹಿಯನ್ನು ಎಲೆಯ ಮೇಲೆ, ಹಬ್ಬದ ದಿನಕ್ಕೆ ಕಟ್ಟಿಹಾಕಿದ್ದರು. ಯುಗಾದಿಗೆ ಹೋಳಿಗೆ, ಚೌತಿಗೆ ಕಡುಬು, ಸಂಕ್ರಾಂತಿಗೆ ಎಳ್ಳುಬೆಲ್ಲ. ಈಗ ಆಫೀಸಿನಲ್ಲಿ ವಾರಕ್ಕೆರಡು ಬರ್ತ್‌ಡೇ ಕೇಕು, ಯಾರದ್ದೋ ಮನೆ ಕೊಂಡ ಖುಷಿಗೆ ಸಿಹಿ ಡಬ್ಬಿ. ಆ ಡಬ್ಬಿ ಮೇಜಿನ ಮೇಲೆ ಇದ್ದಷ್ಟು ಹೊತ್ತೂ ಹೋಗಿ ಬರುವವರೆಲ್ಲ ಒಂದೊಂದು ತುಂಡು ಎತ್ತುತ್ತಾರೆ. ನಾನು ಹಬ್ಬದ ಪಕ್ಷ.

ಏನೂ ತಿನ್ನದಿದ್ದರೆ?

ಏಳೂವರೆ ಒಳಗೆ ಊಟ ಮುಗಿಸುವವರಿಗೆ ಇದು ಎಲ್ಲಕ್ಕಿಂತ ಸುಲಭ. ಸಂಜೆ ಒಂದು ಕಾಫಿ, ಆಮೇಲೆ ನೇರ ಊಟ. ಆದರೆ ಒಂಬತ್ತೂವರೆಗೆ ಊಟ ಮಾಡುವವರು ಹಟಕ್ಕೆ ಬಿದ್ದು ಉಪವಾಸ ಇದ್ದರೆ ಅಡುಗೆ ಬಿಸಿಯಾಗುವಷ್ಟರಲ್ಲೇ ಕೈಗೆ ಸಿಕ್ಕಿದ್ದು ಬಾಯಿಗೆ ಹೋಗುತ್ತದೆ, ತಟ್ಟೆಗೂ ಎರಡು ಸೌಟು ಹೆಚ್ಚು ಬೀಳುತ್ತದೆ. ಇಂಥವರು ಸಂಜೆ ತಿಂಡಿ ತಿನ್ನಲೇಬೇಕು ಅಂತ ನನ್ನ ಅಭಿಪ್ರಾಯ.

ಯಾರಿಗೆ ಯಾವುದು?

ಆಫೀಸಿಗೆ ಹೋಗುವವರು, ಸಂಜೆ ಟ್ರಾಫಿಕ್ಕಿನಲ್ಲಿ ಒಂದೂವರೆ ಗಂಟೆ ಕಳೆಯುವವರು ಬ್ಯಾಗಿನಲ್ಲಿ ಸಣ್ಣ ಡಬ್ಬಿ ಇಟ್ಟುಕೊಳ್ಳಿ. 20 ಗ್ರಾಂ ಕಡಲೆಬೀಜ, 20 ಗ್ರಾಂ ಹುರಿಗಡಲೆ, ಬೇಕಾದರೆ ಎರಡು ಖರ್ಜೂರ. ಹೊರಡುವ ಮುಂಚೆಯೇ ತಿಂದು ಮುಗಿಸಿ. ಆಗ ದಾರಿಯ ಬೇಕರಿ ದಾಟುವುದು ಕಷ್ಟವಾಗುವುದಿಲ್ಲ.

ಸ್ಕೂಲಿನಿಂದ ಬರುವ ಮಕ್ಕಳಿಗೆ ಹಸಿವು ನಿಜವಾದದ್ದು, ಅವರು ಬೆಳೆಯುವವರು. ಅವರಿಗೆ ಕ್ಯಾಲೊರಿ ಎಣಿಸಬೇಡಿ, ತೂಕದ ಮಾತು ಅವರೆದುರು ಆಡಲೂ ಬೇಡಿ. ಉಸಲಿ, ದೋಸೆ, ಮೊಟ್ಟೆ, ಬಾಳೆಹಣ್ಣು, ತುಪ್ಪ ಹಚ್ಚಿದ ಚಪಾತಿ ಕೊಡಿ. ಬಿಸ್ಕತ್ತನ್ನು ಮನೆಗೇ ತರದಿದ್ದರೆ ಜಗಳವೂ ಇರುವುದಿಲ್ಲ. "ಊಟ ಪೂರ್ತಿ ಮಾಡಿದ್ರೆ ಚಾಕೊಲೇಟ್" ಅನ್ನುವ ಮಾತು ಮಾತ್ರ ಬೇಡವೇ ಬೇಡ. ಊಟ ಶಿಕ್ಷೆ, ಸಿಹಿ ಬಹುಮಾನ ಅಂತ ಮಗು ಅಲ್ಲಿಂದಲೇ ಕಲಿಯುತ್ತದೆ. ಐದು ವರ್ಷದೊಳಗಿನವರಿಗೆ ಇಡೀ ಕಡಲೆಬೀಜ ಕೊಡಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಪುಡಿ ಮಾಡಿ ಕೊಡಿ.

ಮನೆಯಲ್ಲಿ ಡಯಾಬಿಟಿಸ್ ಇರುವ ಹಿರಿಯರಿದ್ದರೆ ರಸ್ಕು, ಮಾರಿ ಬಿಸ್ಕತ್ತಿನ ಜಾಗಕ್ಕೆ ಮೆತ್ತಗೆ ಬೇಯಿಸಿದ ಹೆಸರುಕಾಳಿನ ಉಸಲಿ ಬರಲಿ. ಹಲ್ಲಿಲ್ಲದವರಿಗೆ ಮಜ್ಜಿಗೆ, ಹುರಿಗಡಲೆ ಪುಡಿ ಕಲಸಿ ಕೊಡಬಹುದು. ಆದರೆ ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರ ಸಂಜೆ ತಿಂಡಿಯನ್ನು ನೀವಾಗಿ ನಿಲ್ಲಿಸಬೇಡಿ. ರಕ್ತದ ಸಕ್ಕರೆ ತೀರಾ ಕೆಳಗಿಳಿದು ತಲೆಸುತ್ತಿ ಬೀಳಬಹುದು. ವೈದ್ಯರನ್ನು ಕೇಳಿಯೇ ಬದಲಾಯಿಸಿ.

ಪಿ.ಜಿ.ಯಲ್ಲಿ ಇರುವ ಹುಡುಗರು, ಹುಡುಗಿಯರು ಒಲೆ ಇಲ್ಲ, ದುಡ್ಡೂ ಕಡಿಮೆ ಅನ್ನುತ್ತಾರೆ. ಒಂದು ಪಫ್ಸ್‌ನ 25 ರೂಪಾಯಿಗೆ ನಮ್ಮ ಕಡೆ 150 ಗ್ರಾಂ ಹುರಿಗಡಲೆ ಬರುತ್ತದೆ. ದಿನಕ್ಕೆ 30 ಗ್ರಾಂ ಹಾಕಿದರೆ ಐದು ಸಂಜೆ. ಜೊತೆಗೆ ಒಂದು ಈರುಳ್ಳಿ, ಒಂದು ನಿಂಬೆಹಣ್ಣು, ಕಾಲು ಕಿಲೋ ಮಂಡಕ್ಕಿ ತಂದಿಟ್ಟುಕೊಳ್ಳಿ. ಬೇಕಾಗುವುದು ಒಂದು ಚಾಕು, ಒಂದು ಬಟ್ಟಲು ಅಷ್ಟೇ. ಮಂಡಕ್ಕಿ ಪೊಟ್ಟಣದ ಬಾಯಿಗೆ ಬಿಗಿಯಾಗಿ ರಬ್ಬರ್ ಬ್ಯಾಂಡ್ ಹಾಕಿಡಿ, ಇಲ್ಲದಿದ್ದರೆ ಎರಡನೇ ದಿನಕ್ಕೆ ಮೆತ್ತಗಾಗುತ್ತದೆ.